ಅಜ್ಜನ ಕೋವಿಗೆ ಗರಗಸ ಹಿಡಿಯುವ ಮುನ್ನ: ನಾವೇ ಮಾಡೋಣವೋ, ಗನ್‌ಸ್ಮಿತ್‌ಗೆ ಕೊಡೋಣವೋ?

ಹಾಸ್ಟೆಲ್ಲಿನಲ್ಲಿ ಕೆಟಲ್ ಕೆಟ್ಟರೂ, ಬೈಕಿನ ಕ್ಲಚ್ ಜಾರಿದರೂ ನಾವು ಮೊದಲು ಹುಡುಕೋದು ಮೆಕ್ಯಾನಿಕ್‌ನನ್ನಲ್ಲ, ಸ್ಕ್ರೂಡ್ರೈವರನ್ನು. ಬಿಚ್ಚಿ ನೋಡಿದ ಮೇಲೇ ಬೇರೆ ಮಾತು. ಈ ಚಟದಿಂದ ನಾವು ಕಲಿತದ್ದೂ ಬಹಳ, ಕೆಡಿಸಿದ್ದೂ ಬಹಳ. ಆದರೆ ಕಳೆದ ವರ್ಷ ನಮ್ಮ ಸಂಘದ ಗೆಳತಿಯೊಬ್ಬಳು ತಂದ ಕೆಲಸ ಮಾತ್ರ ನಮ್ಮನ್ನು ಸ್ವಲ್ಪ ನಿಲ್ಲಿಸಿ ಯೋಚನೆಗೆ ಹಚ್ಚಿತು.

ಅವಳ ಊರು ಕೊಡಗು. ಮನೆಯಲ್ಲಿ ಅಜ್ಜನ ಕಾಲದ ಜೋಡು ನಳಿಗೆಯ 12 ಬೋರ್ ಕೋವಿ ಇದೆ, ಈಗ ಅಪ್ಪನ ಹೆಸರಿನಲ್ಲಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ಊರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಜ್ಜ ಆರಡಿ ಆಳು, ಇವಳು ಐದಡಿ ಎರಡಂಗುಲ. ಕೋವಿಯ ಮರದ ಬಟ್ಟು ಇವಳಿಗೆ ಉದ್ದ. ಭುಜಕ್ಕೆ ಸರಿಯಾಗಿ ಕೂರಲ್ಲ, ಒಂದು ಈಡು ಹೊಡೆದರೆ ವಾರವಿಡೀ ಭುಜ ನೀಲಿ. "ಬಟ್ಟು ಬಿಚ್ಚಿ ತರ್ತೀನಿ, ಕಾರ್ಪೆಂಟ್ರಿ ಶಾಪ್‌ನಲ್ಲಿ ಒಂದೂವರೆ ಇಂಚು ಕಟ್ ಮಾಡಿ ರಬ್ಬರ್ ಪ್ಯಾಡ್ ಹಾಕಿಕೊಡ್ತೀರಾ?" ಅಂತ ಕೇಳಿದಳು. ನಾವು "ಅಷ್ಟೇನಾ?" ಅಂದೆವು. ಡ್ರಾಯಿಂಗ್ ಕೂಡ ಹಾಕಿಬಿಟ್ಟೆವು.

ಡ್ರಾಯಿಂಗ್ ನೋಡಿದ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಸರ್ ಕೇಳಿದ್ದು ಒಂದೇ ಪ್ರಶ್ನೆ: "ಮಾಡಿದ್ಮೇಲೆ ಟೆಸ್ಟ್ ಹೇಗೆ ಮಾಡ್ತೀರಪ್ಪ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಆ ಉತ್ತರ ಹುಡುಕುತ್ತಾ ಓದಿದ್ದು, ಲೆಕ್ಕ ಹಾಕಿದ್ದು ಇಲ್ಲಿದೆ.

12 ಬೋರ್ ಅಂದ್ರೆ ಏನು?

ಮೊದಲು ಹೆಸರಿನ ಲೆಕ್ಕ ಮುಗಿಸೋಣ. ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ 12 ಗುಂಡುಗಳನ್ನು ಮಾಡಿದರೆ, ಒಂದು ಗುಂಡಿನ ವ್ಯಾಸವೇ 12 ಬೋರ್. ಒಂದು ಪೌಂಡ್ ಅಂದರೆ 453.6 ಗ್ರಾಂ, 12ರಿಂದ ಭಾಗಿಸಿದರೆ 37.8 ಗ್ರಾಂ. ಸೀಸದ ಸಾಂದ್ರತೆ 11.34. ಗೋಳದ ಗಾತ್ರದ ಸೂತ್ರ ಹಾಕಿದರೆ ವ್ಯಾಸ ಸುಮಾರು 18.5 ಮಿ.ಮೀ. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣ, ಹಾಗಾಗಿ 20 ಬೋರ್ 12ಕ್ಕಿಂತ ಕಿರಿದು.

ಈ ನಳಿಗೆಯೊಳಗಿನ ಒತ್ತಡ ಎಷ್ಟು? ಅಮೆರಿಕದ ಮಾನದಂಡದಲ್ಲಿ ಸಾಮಾನ್ಯ 12 ಬೋರ್ ತೋಟಾಕ್ಕೆ ಮಿತಿ 11,500 ಪಿಎಸ್ಐ, ಅಂದರೆ ಸುಮಾರು 79 ಮೆಗಾಪಾಸ್ಕಲ್. ಕಾರಿನ ಟೈರಿಗೆ ನಾವು ತುಂಬಿಸೋದು 32 ಪಿಎಸ್ಐ. ಸುಮಾರು 360 ಪಟ್ಟು! ಅದೂ ನಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಮೂರು ಪ್ರಶ್ನೆಗಳು

ಯಾವುದೇ ಬದಲಾವಣೆಗೆ ಕೈ ಹಾಕುವ ಮುನ್ನ ಈ ಮೂರನ್ನು ಕೇಳಿಕೊಳ್ಳಬೇಕು ಅಂತ ನಮಗೆ ಹೊಳೆಯಿತು:

1. ತಪ್ಪಾದರೆ ಮೊದಲಿನ ಸ್ಥಿತಿಗೆ ತರಬಹುದಾ?
2. ಆ ಭಾಗ ಒತ್ತಡ ತಡೆಯುವ ಅಥವಾ ಗುಂಡು ಹಾರುವುದನ್ನು ತಡೆದು ನಿಲ್ಲಿಸುವ ಕೆಲಸದಲ್ಲಿದೆಯಾ?
3. ಸರಿಯಾಗಿದೆ ಅಂತ ಗುಂಡು ಹಾರಿಸದೆ ಅಳೆದು ಹೇಳಬಲ್ಲೆವಾ?

ಮೂರನೆಯದೇ ಸರ್ ಕೇಳಿದ ಪ್ರಶ್ನೆ. ಮೊದಲನೆಯದಕ್ಕೆ 'ಹೌದು', ಎರಡನೆಯದಕ್ಕೆ 'ಇಲ್ಲ', ಮೂರನೆಯದಕ್ಕೆ 'ಹೌದು' ಅಂತ ಬಂದರೆ ಕೋವಿ ಯಾರದ್ದೋ ಅವರೇ ಮಾಡಿಕೊಳ್ಳಬಹುದು. ಒಂದು ಉತ್ತರ ತಪ್ಪಿದರೂ ಗನ್‌ಸ್ಮಿತ್ ಹತ್ತಿರ ಹೋಗಬೇಕು. ಈಗ ಒಂದೊಂದೇ ಕೆಲಸವನ್ನು ಈ ಜರಡಿಗೆ ಹಾಕೋಣ.

ಒದೆತ: ಕೋವಿ ಮುಟ್ಟದೆಯೇ ಕಡಿಮೆ ಮಾಡಬಹುದು

ಭುಜ ನೀಲಿಯಾಗೋದು ಸಂವೇಗದ ಲೆಕ್ಕ. ತೋಟಾದಲ್ಲಿ 32 ಗ್ರಾಂ ಚರೆ, 3 ಗ್ರಾಂ ವ್ಯಾಡ್, ವೇಗ ಸೆಕೆಂಡಿಗೆ 390 ಮೀಟರ್ ಅಂತಿಟ್ಟುಕೊಳ್ಳಿ. ಸಂವೇಗ 13.7, ಮದ್ದಿನ ಅನಿಲದ ಪಾಲು ಸುಮಾರು 1.9 ಸೇರಿಸಿದರೆ 15.6 ಕೆ.ಜಿ. ಮೀ./ಸೆ. ಕೋವಿ 3.2 ಕೆ.ಜಿ. ತೂಗಿದರೆ ಅದು ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ 4.9 ಮೀಟರ್, ಶಕ್ತಿ ಸುಮಾರು 38 ಜೂಲ್. ಅದೇ ಕೋವಿ 1.2 ಮೀಟರ್ ಎತ್ತರದಿಂದ ಭುಜದ ಮೇಲೆ ಬಿದ್ದಷ್ಟು.

ಈಗ 24 ಗ್ರಾಂ ಚರೆಯ ತೋಟಾ ಹಾಕಿ. ಒಲಿಂಪಿಕ್ಸಿನ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ ಇರುವ ಮಿತಿ ಇದೇ. ಅದೇ ವೇಗಕ್ಕೆ ಲೆಕ್ಕ ಹಾಕಿದರೆ ಕೋವಿಯ ವೇಗ 3.9 ಮೀಟರ್, ಶಕ್ತಿ ಸುಮಾರು 24 ಜೂಲ್. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು! ಗರಗಸ ಬೇಡ, ಸ್ಕ್ರೂಡ್ರೈವರ್ ಬೇಡ.

ಒಂದು ಎಚ್ಚರಿಕೆ ಮಾತ್ರ ಇದೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಚೇಂಬರ್ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಇರೋದುಂಟು. ಈಗಿನ 70 ಮಿ.ಮೀ. ತೋಟಾವೂ ಅದರೊಳಗೆ ಸಲೀಸಾಗಿ ಕೂತುಬಿಡುತ್ತೆ. ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತೆ. 'ಕೂತಿತು, ಅಂದ್ರೆ ಸರಿಹೋಯಿತು' ಅನ್ನೋ ನಮ್ಮ ಹಾಸ್ಟೆಲ್ ಸೂತ್ರ ಇಲ್ಲಿ ನಡೆಯಲ್ಲ.

ಪ್ಯಾಡ್ ಮತ್ತು ಬಟ್ಟು

ಬಟ್ಟಿನ ತುದಿಗೆ ಕಾಲುಚೀಲದ ಹಾಗೆ ಎಳೆದು ತೊಡಿಸುವ ರಬ್ಬರ್ ಪ್ಯಾಡ್ ಸಿಗುತ್ತೆ. ಅದು ಸಂವೇಗವನ್ನು ಕಡಿಮೆ ಮಾಡಲ್ಲ. ಒದೆತದ ಅವಧಿಯನ್ನು ಹಿಗ್ಗಿಸಿ ಬಲದ ತುದಿಯನ್ನು ಇಳಿಸುತ್ತೆ. ಮೂರೂ ಪ್ರಶ್ನೆಗಳಲ್ಲಿ ಪಾಸ್. ಆದರೆ ಪ್ಯಾಡ್ ದಪ್ಪ ಎಷ್ಟೋ, ಕೋವಿ ಅಷ್ಟು ಉದ್ದವಾಗುತ್ತೆ. ನಮ್ಮ ಗೆಳತಿಯ ತೊಂದರೆಯೇ ಉದ್ದ! ಒದೆತಕ್ಕೆ ಮದ್ದು ಮಾಡಲು ಹೋಗಿ ಅಳತೆಯ ರೋಗ ಹೆಚ್ಚಿಸಿದಂತೆ.

ಹಾಗಾಗಿ ಮರ ಕತ್ತರಿಸಲೇಬೇಕು. ಟ್ರಿಗರಿನಿಂದ ಬಟ್ಟಿನ ಹಿಂಬದಿಯ ನಡುವಿನವರೆಗಿನ ದೂರವೇ ಇಲ್ಲಿ ಮುಖ್ಯ ಅಳತೆ. ಅಜ್ಜನ ಕೋವಿಯಲ್ಲಿ ಅದು 37.5 ಸೆಂ.ಮೀ. ಅವಳಿಗೆ ಬೇಕಾದದ್ದು ಸುಮಾರು 34.3. ಪ್ಯಾಡ್ ದಪ್ಪ 1.5. ಕತ್ತರಿಸಬೇಕಾದದ್ದು 37.5 − 34.3 + 1.5 = 4.7 ಸೆಂ.ಮೀ. ನಮ್ಮ ಡ್ರಾಯಿಂಗಿನಲ್ಲಿ ಹಾಕಿದ್ದು ಒಂದೂವರೆ ಇಂಚು, ಅಂದರೆ 3.8. ಪ್ಯಾಡ್ ಕೂಡಿಸೋದನ್ನೇ ಮರೆತು, ಅಂದಾಜಿನಲ್ಲಿ ಬರೆದಿದ್ದೆವು.

ಅಷ್ಟೇ ಅಲ್ಲ. ಬಟ್ಟಿನ ಹಿಂಬದಿ ಯಾವ ಕೋನದಲ್ಲಿದೆ ಅನ್ನೋದರ ಮೇಲೆ ಕೋವಿ ಭುಜಕ್ಕೆ ಹೇಗೆ ಕೂರುತ್ತೆ ಅನ್ನೋದು ನಿಂತಿದೆ. ಗರಗಸ ಒಂದು ಡಿಗ್ರಿ ವಾಲಿದರೆ 70 ಸೆಂ.ಮೀ. ನಳಿಗೆಯ ತುದಿಯಲ್ಲಿ 12 ಮಿ.ಮೀ. ವ್ಯತ್ಯಾಸ. ಹಳೆಯ ಒಣಗಿದ ವಾಲ್‌ನಟ್ ಮರದ ತುದಿ ಗರಗಸ ಹೊರಬರುವ ಕಡೆ ಸಿಬಿರೇಳುತ್ತೆ. ಮೊದಲನೇ ಪ್ರಶ್ನೆಯಲ್ಲೇ ಫೇಲ್: ಕತ್ತರಿಸಿದ ಮರ ಮತ್ತೆ ಬೆಳೆಯೋದಿಲ್ಲ. ಮರ ಯಾರ ಪ್ರಾಣವನ್ನೂ ತೆಗೆಯಲಿಕ್ಕಿಲ್ಲ, ಆದರೆ ಅಜ್ಜನ ಕೋವಿ ಒಂದೇ ಇರೋದು.

ಟ್ರಿಗರ್: ಇಲ್ಲಿ ಕೈ ಹಾಕಲೇಬಾರದು

'ಟ್ರಿಗರ್ ಗಟ್ಟಿ ಇದೆ, ಸ್ವಲ್ಪ ಉಜ್ಜಿ ನುಣುಪು ಮಾಡಿದರೆ ಸಾಕು' ಅನ್ನುವವರಿದ್ದಾರೆ. ಟ್ರಿಗರ್ ಒಳಗೆ ಹ್ಯಾಮರನ್ನು ಹಿಡಿದಿಟ್ಟುಕೊಳ್ಳುವ ಸಣ್ಣ ಕೊಂಡಿಗೆ ಸಿಯರ್ ಅಂತ ಹೆಸರು. ಅದರ ಅಂಚು ಕೂರುವುದು ಒಂದು ಮಿ.ಮೀ. ಆಸುಪಾಸಿನ ಕಚ್ಚಿನಲ್ಲಿ. ಇಂಥ ಭಾಗಗಳಿಗೆ ಸಾಮಾನ್ಯವಾಗಿ ಮೇಲ್ಪದರ ಮಾತ್ರ ಗಡಸು ಮಾಡಿರುತ್ತಾರೆ. ಮೆಟೀರಿಯಲ್ ಸೈನ್ಸಿನಲ್ಲಿ ಓದಿದ ಕೇಸ್ ಹಾರ್ಡನಿಂಗ್ ನೆನಪಿದೆಯಲ್ಲ? ಉಜ್ಜಿದರೆ ಹೋಗೋದು ಆ ಪದರವೇ. ಮೊದಲ ದಿನ ಟ್ರಿಗರ್ ಬೆಣ್ಣೆಯ ಹಾಗಿರುತ್ತೆ. ನೂರು ಈಡಿನ ನಂತರ ಮೆತ್ತನೆಯ ಅಂಚು ಸವೆದು, ಕೋವಿ ನೆಲಕ್ಕೆ ತಗುಲಿದರೂ ಹಾರಬಹುದು.

"ಸೇಫ್ಟಿ ಹಾಕಿದ್ರೆ ಆಯ್ತಲ್ಲ?" ಅಂತ ನಾವೂ ಅಂದುಕೊಂಡಿದ್ದೆವು. ಬಹುಪಾಲು ಜೋಡು ನಳಿಗೆ ಕೋವಿಗಳಲ್ಲಿ ಸೇಫ್ಟಿ ತಡೆಯೋದು ಟ್ರಿಗರನ್ನು ಮಾತ್ರ, ಹ್ಯಾಮರನ್ನಲ್ಲ. ಸಿಯರ್ ಜಾರಿದರೆ ಸೇಫ್ಟಿ ಇದ್ದೂ ಇಲ್ಲದಂತೆ. ಇದು ಮೂರೂ ಪ್ರಶ್ನೆಗಳಲ್ಲಿ ಫೇಲ್.

ನಳಿಗೆ: ಸೊನ್ನೆ ದಶಾಂಶ ಒಂದು ಮಿ.ಮೀ.ನ ಬೆಲೆ

ಶಾಟ್‌ಗನ್ ನಳಿಗೆಯ ತುದಿಯಲ್ಲಿ ಚೂರು ಕಿರಿದಾಗಿರುವ ಭಾಗ ಚೋಕ್. ಚರೆ ಎಷ್ಟು ಹರಡಬೇಕು ಅನ್ನೋದನ್ನು ಅದು ತೀರ್ಮಾನಿಸುತ್ತೆ. ಲೆಕ್ಕ ಸಾಂಪ್ರದಾಯಿಕವಾದದ್ದು: 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಫುಲ್ ಚೋಕ್‌ನಲ್ಲಿ ಶೇಕಡಾ 70ರಷ್ಟು ಚರೆ ಬೀಳಬೇಕು, ಕಿರಿದೇ ಇಲ್ಲದ ಸಿಲಿಂಡರ್ ನಳಿಗೆಯಲ್ಲಿ ಶೇಕಡಾ 40. ಇವೆರಡರ ನಡುವೆ ನಳಿಗೆಯ ವ್ಯಾಸದಲ್ಲಿರುವ ವ್ಯತ್ಯಾಸ ಒಂದು ಮಿ.ಮೀ. ಮಾತ್ರ.

ಹೊಸ ಕೋವಿಗಳಲ್ಲಿ ಚೋಕ್ ತಿರುಪಿನದು. ಖಾಲಿ ಕೋವಿಯಲ್ಲಿ ಕೀಲಿ ಹಾಕಿ ಬಿಚ್ಚಿ ಬೇರೆಯದನ್ನು ಹಾಕಿದರಾಯಿತು. ಅಜ್ಜನ ಕೋವಿಯಂಥದ್ದರಲ್ಲಿ ಅದು ನಳಿಗೆಯ ಭಾಗವೇ. ಕೊರೆದು ಅಗಲ ಮಾಡಬೇಕು ಅಥವಾ ತಿರುಪು ಕೆತ್ತಬೇಕು. ಇಲ್ಲಿ ಹೂಪ್ ಸ್ಟ್ರೆಸ್ ಸೂತ್ರ ನೆನಪಿಸಿಕೊಳ್ಳಿ: ಒತ್ತಡ ಗುಣಿಸು ತ್ರಿಜ್ಯ, ಭಾಗಿಸು ಗೋಡೆಯ ದಪ್ಪ. ಗೋಡೆ 0.75 ಮಿ.ಮೀ. ಇರುವ ಕಡೆ 0.1 ಮಿ.ಮೀ. ತೆಗೆದರೆ ಸ್ಟ್ರೆಸ್ ಶೇಕಡಾ 15 ಏರುತ್ತೆ. ಕೊರೆತ ನಡುವಿನಿಂದ ಚೂರು ಸರಿದರೆ ಒಂದು ಬದಿ ಇನ್ನೂ ತೆಳು. ಕಣ್ಣಿಗೆ ಕಾಣಲ್ಲ, ಬೆರಳಿಗೆ ತಿಳಿಯಲ್ಲ. ಗೋಡೆಯ ದಪ್ಪ ಅಳೆಯುವ ಗೇಜೇ ಬೇಕು.

ಇದಕ್ಕಾಗಿಯೇ ಬ್ರಿಟನ್ನಿನಲ್ಲಿ ಪ್ರೂಫ್ ಹೌಸುಗಳಿವೆ. ಲಂಡನ್ನಿನದು 1637ರಿಂದ, ಬರ್ಮಿಂಗ್‌ಹ್ಯಾಮಿನದು 1813ರಿಂದ. ಸಾಮಾನ್ಯಕ್ಕಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ತಡೆದುಕೊಂಡ ನಳಿಗೆಗೆ ಮುದ್ರೆ ಒತ್ತುತ್ತಾರೆ. ಆಮೇಲೆ ನಳಿಗೆಯನ್ನು ಮಿತಿ ಮೀರಿ ಕೊರೆದರೆ ಆ ಮುದ್ರೆಗೆ ಬೆಲೆ ಇಲ್ಲ, ಮತ್ತೆ ಪರೀಕ್ಷೆಗೆ ಕಳಿಸಬೇಕು. ನಮ್ಮ ಗೆಳತಿ ನಳಿಗೆಯ ತಳದ ಫೋಟೋ ಕಳಿಸಿದಾಗ ಅಲ್ಲಿ ಬರ್ಮಿಂಗ್‌ಹ್ಯಾಮಿನ ಮುದ್ರೆ ಇತ್ತು. 'ಟೆಸ್ಟ್ ಹೇಗೆ ಮಾಡ್ತೀರಪ್ಪ?' ಅನ್ನೋದಕ್ಕೆ ಇನ್ನೊಂದು ದೇಶ ಕಟ್ಟಿಕೊಂಡ ಉತ್ತರ ಅದು.

ಅಮೆರಿಕದವರು ಮನೆಯಲ್ಲೇ ಮಾಡ್ಕೊಳ್ತಾರಲ್ಲ?

ಹೌದು, ಮಾಡಿಕೊಳ್ತಾರೆ. ಅದಕ್ಕೆ ಕಾರಣ ಧೈರ್ಯವಲ್ಲ, ಡಿಸೈನ್. 1950ರಲ್ಲಿ ಬಂದ ರೆಮಿಂಗ್ಟನ್ 870 ಪಂಪ್ ಶಾಟ್‌ಗನ್ ನೋಡಿ. ಮುಂದಿನ ಮುಚ್ಚಳ ತಿರುಗಿಸಿದರೆ ನಳಿಗೆ ಕೈಗೆ ಬರುತ್ತೆ, ಎರಡು ಪಿನ್ ತೆಗೆದರೆ ಟ್ರಿಗರ್ ಜೋಡಣೆ ಪೂರ್ತಿ ಹೊರಗೆ. ಕಾರ್ಖಾನೆಯಲ್ಲೇ ಟಾಲರೆನ್ಸ್ ಹಿಡಿದು ಮಾಡಿದ ಭಾಗಗಳು. ಒಂದನ್ನು ತೆಗೆದು ಅದೇ ಮಾದರಿಯ ಇನ್ನೊಂದನ್ನು ಹಾಕೋದು 'ಬದಲಿಸುವುದು'. ಉಜ್ಜೋದು, ಕೊರೆಯೋದು 'ಮಾರ್ಪಡಿಸುವುದು'. ಅಲ್ಲಿಯೂ ತಿಳಿದವರು ಎರಡನೆಯದನ್ನು ಗನ್‌ಸ್ಮಿತ್‌ಗೇ ಬಿಡುತ್ತಾರೆ. ಕಾನೂನು ಅಲ್ಲೂ ಇದೆ: 18 ಇಂಚಿಗಿಂತ ಗಿಡ್ಡ ನಳಿಗೆಯ ಶಾಟ್‌ಗನ್ 1934ರ ರಾಷ್ಟ್ರೀಯ ಕಾಯ್ದೆಯ ಕಟ್ಟುಪಾಡಿಗೆ ಬರುತ್ತೆ.

ಜೋಡು ನಳಿಗೆಯ ಹಳೆ ಕೋವಿ ಹಾಗಲ್ಲ. ಒಬ್ಬ ಕೆಲಸಗಾರ ಅರದಿಂದ ಉಜ್ಜಿ ಉಜ್ಜಿ ಒಂದಕ್ಕೊಂದು ಕೂರಿಸಿದ್ದು. ಇದರ ಭಾಗ ಅದಕ್ಕಾಗಲ್ಲ.

ನಮ್ಮ ಕಾನೂನು

ನಿಜ ಹೇಳಬೇಕಂದ್ರೆ ಇದನ್ನು ನಾವು ಮೊದಲೇ ನೋಡಬೇಕಿತ್ತು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಸಲು, ಮಾರಲು ಮಾತ್ರವಲ್ಲ, ಪರಿವರ್ತಿಸಲು, ರಿಪೇರಿ ಮಾಡಲು, ಪರೀಕ್ಷಿಸಲು ಕೂಡ ಲೈಸೆನ್ಸ್ ಬೇಕು. ನಳಿಗೆ ಗಿಡ್ಡ ಮಾಡುವುದನ್ನು 6ನೇ ಸೆಕ್ಷನ್ ಹೆಸರಿಸಿಯೇ ತಡೆಯುತ್ತೆ. ಅದು ಜೈಲಿಗೆ ಹೋಗುವ ಅಪರಾಧ. ಕಾಯ್ದೆಯ ದೃಷ್ಟಿಯಲ್ಲಿ ಆಯುಧ ಅಂದರೆ ಅದರ ಭಾಗಗಳೂ ಸೇರಿಯೇ.

"ಕೊಡವರಿಗೆ ವಿನಾಯಿತಿ ಇದೆಯಲ್ಲ?" ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ, ಒಯ್ಯುವ ಲೈಸೆನ್ಸಿನ ಮಾತು. ಅದನ್ನು ಹಿಡಿದುಕೊಂಡು ಕಾಲೇಜಿನ ವರ್ಕ್‌ಶಾಪ್ ಕೋವಿ ರಿಪೇರಿ ಅಂಗಡಿ ಆಗೋದಿಲ್ಲ. ಅಂದು ಬಟ್ಟು ಕ್ಯಾಂಪಸ್ಸಿಗೆ ಬಂದಿದ್ದರೆ ಅವಳ ಅಪ್ಪನೂ, ನಾವೂ, ಸರ್ ಕೂಡ ಉತ್ತರ ಹೇಳಬೇಕಾಗುತ್ತಿತ್ತು.

ಹಾಗಾದ್ರೆ ಕೋವಿಯ ಒಡೆಯರಿಗೆ ಉಳಿದದ್ದೇನು? ಶುಚಿ ಮಾಡೋದು, ಎಣ್ಣೆ ಹಾಕೋದು, ಸರಿಯಾದ ತೋಟಾ ಆರಿಸೋದು, ಪ್ಯಾಡ್ ತೊಡಿಸೋದು, ತಿರುಪಿನ ಚೋಕ್ ಬದಲಿಸೋದು. ಮತ್ತೆ, ಅಳತೆ ತೆಗೆದು ಗನ್‌ಸ್ಮಿತ್ ಮುಂದೆ ಸರಿಯಾದ ಪ್ರಶ್ನೆ ಇಡೋದು.

ಕೊನೆಗೆ ಏನಾಯ್ತು?

ಅವಳ ಅಪ್ಪ ದಾಖಲೆಗಳೊಂದಿಗೆ ಕೋವಿಯನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಒಯ್ದರು. ಅವಳೂ ಹೋಗಿದ್ದಳು, ನಮ್ಮ ಲೆಕ್ಕದ ಚೀಟಿ ಹಿಡಿದು. ಅವರು ಚೀಟಿ ನೋಡಿ ನಕ್ಕು, "ಹಬ್ಬಕ್ಕೆ ಯಾವ ಬಟ್ಟೆ ಹಾಕ್ತೀಯಮ್ಮ?" ಅಂತ ಕೇಳಿದರಂತೆ. ತೆಳು ಕುರ್ತಾ ಹಾಕಿದಾಗ ಒಂದು ಅಳತೆ, ದಪ್ಪ ಕೋಟಿನಲ್ಲಿ ಇನ್ನೊಂದು. ಅದು ನಮ್ಮ ಸಮೀಕರಣದಲ್ಲಿ ಇರಲೇ ಇಲ್ಲ. ಮೊದಲು ನಾಲ್ಕು ಸೆಂ.ಮೀ. ಮಾತ್ರ ಕತ್ತರಿಸಿ, ಪ್ಯಾಡ್ ಇಟ್ಟು, ಅವಳ ಭುಜಕ್ಕೆ ಹಿಡಿಸಿ ನೋಡಿ, ಆಮೇಲೆ ಇನ್ನಷ್ಟು ತೆಗೆದರು. ಜೊತೆಗೆ ಚೇಂಬರ್ ಅಳೆದು 65 ಮಿ.ಮೀ. ಅಂತ ಹೇಳಿ, ಇಂಥದ್ದೇ ತೋಟಾ ಹಾಕಿ ಅಂತ ಬರೆದುಕೊಟ್ಟರು. ಅಲ್ಲಿಯವರೆಗೆ ಮನೆಯಲ್ಲಿ ಬಳಸುತ್ತಿದ್ದದ್ದು 70ರದ್ದು. ಭುಜದ ನೀಲಿಗಿಂತ ದೊಡ್ಡ ಅಪಾಯ ಅಲ್ಲಿತ್ತು. ನಮ್ಮ ಗರಗಸಕ್ಕೆ ಅದು ಗೊತ್ತಾಗುವ ಸಾಧ್ಯತೆಯೇ ಇರಲಿಲ್ಲ.

ಗನ್‌ಸ್ಮಿತ್‌ಗೆ ಕೊಡುವ ದುಡ್ಡು ಮರ ಕತ್ತರಿಸುವ ಕೂಲಿ ಅಂತ ನಾವು ತಿಳಿದಿದ್ದೆವು. ಅದು ನಾವು ಕೇಳದೇ ಬಿಟ್ಟ ಪ್ರಶ್ನೆಯನ್ನು ಅವರು ಕೇಳೋದಕ್ಕೆ ಕೊಡುವ ದುಡ್ಡು.

ಹಬ್ಬದ ದಿನ ಅವಳು ತೆಂಗಿನಕಾಯಿ ಉರುಳಿಸಲಿಲ್ಲ. ಮೂರು ಈಡು ಹೊಡೆದಳು, ಮೂರೂ ತಪ್ಪಿದವು. ಸೋಮವಾರ ಕ್ಲಾಸಿಗೆ ಬಂದವಳು ಭುಜದ ಮೇಲೆ ಬ್ಯಾಗ್ ಹಾಕಿಕೊಂಡೇ ಬಂದಳು. ಕತ್ತರಿಸಿದ ಮರದ ತುಂಡನ್ನು ಅವಳಪ್ಪ ಕೋವಿಯ ಪೆಟ್ಟಿಗೆಯಲ್ಲೇ ಇಟ್ಟಿದ್ದಾರಂತೆ.