ಗರಡಿಯ ಮಣ್ಣು, ಮ್ಯಾಟಿನ ಕುಸ್ತಿ ಮತ್ತು ದೇಹಬಲ

ಕಣಗಲಾದಿಂದ ಹೆದ್ದಾರಿ ಹಿಡಿದರೆ ಕೊಲ್ಲಾಪುರ ಸುಮಾರು ಒಂದು ಗಂಟೆಯ ಹಾದಿ. ಅಲ್ಲಿ ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನದ ಹೆಸರು ನಮ್ಮ ಗಡಿಭಾಗದ ಪೈಲ್ವಾನರಿಗೆ ಚಿರಪರಿಚಿತ. ಹಿಂದಿನ ಮಣ್ಣಿನ ಕುಸ್ತಿಗೆ ಗಡಿಯಾರದ ಅಂಕೆ ಇರಲಿಲ್ಲ. ಒಬ್ಬನು ಚಿತ್ ಆಗುವವರೆಗೆ ಸೆಣಸಬೇಕಿತ್ತು. ಆದುದರಿಂದ ತಾಲೀಮು ಕೂಡ ದೀರ್ಘವಾಗಿತ್ತು. ನಸುಕಿನಲ್ಲಿ ಅಖಾಡದ ಮಣ್ಣನ್ನು ಅಗೆದು ಹದಗೊಳಿಸುವುದೇ ಮೊದಲ ವ್ಯಾಯಾಮ. ಬಳಿಕ ಜೋರು, ಸಂಜೆ ದಂಡ-ಬೈಠಕ್, ಮಲ್ಲಕಂಬ, ಎಣ್ಣೆಯ ಮರ್ದನ.

ಮ್ಯಾಟಿನ ಕುಸ್ತಿ ಮೂರು ನಿಮಿಷಗಳ ಎರಡು ಸುತ್ತುಗಳಲ್ಲಿ ಮುಗಿಯುತ್ತದೆ. ನಡುವೆ 30 ಸೆಕೆಂಡು ವಿರಾಮ. ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾಟಿಗೆ ಹೊಸಬರಾಗಿದ್ದರು; ಆರನೆಯ ಸ್ಥಾನ ದೊರೆಯಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಇಂದಿನ ತರಬೇತಿಯು ಚುರುಕು ಓಟ, ಭಾರ ಎತ್ತುವಿಕೆ, ಅಂಕ ಗಳಿಕೆಯ ಲೆಕ್ಕಾಚಾರಗಳತ್ತ ವಾಲಿರುವುದು ಸಹಜ.

ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಅದೂ ಸ್ನಿಗ್ಧ ಆಹಾರ ಸೇವಿಸುವ ಬಲಶಾಲಿಯು ಶೀತಕಾಲ ಹಾಗೂ ವಸಂತದಲ್ಲಿ, ಎಂಬುದು ಅಷ್ಟಾಂಗಹೃದಯದ ಮತ. ಸಾವಿರ ಬೈಠಕ್ ಹೊಡೆಯುತ್ತಿದ್ದ ಗರಡಿಯೂ ಇದನ್ನು ಪಾಲಿಸಲಿಲ್ಲ. ಹಳೆಯದೆಲ್ಲ ಶ್ರೇಷ್ಠವೆಂಬ ಭ್ರಮೆ ಬೇಡ. ಆದರೆ ಅಲ್ಲಿ ಬಾಲ್ಯದಿಂದಲೇ ವಸ್ತಾದನ ಕಣ್ಣೆದುರು ಬಲವು ಮೆಲ್ಲಮೆಲ್ಲನೆ ಏರುತ್ತಿತ್ತು.

ನನ್ನನ್ನು ಕಾಡುವುದು ತೂಕ ಇಳಿಸುವ ಹೊಸ ಚಟ. ಕೆಳಗಿನ ತೂಕವರ್ಗದಲ್ಲಿ ಸ್ಪರ್ಧಿಸಲೆಂದು ಹುಡುಗರು ನೀರು ಬಿಡುತ್ತಾರೆ, ಪ್ಲಾಸ್ಟಿಕ್ ಅಂಗಿ ತೊಟ್ಟು ಬಿಸಿಲಿನಲ್ಲಿ ಓಡುತ್ತಾರೆ. ಹೀಗೆ ಇಳಿಯುವುದು ಮೇದಸ್ಸಲ್ಲ, ದೇಹದ ನೀರು. ರಕ್ತದ ಪ್ರಮಾಣ ಕುಗ್ಗಿ ಹೃದಯಕ್ಕೂ ಮೂತ್ರಪಿಂಡಗಳಿಗೂ ಹೊರೆಯಾಗುತ್ತದೆ; ಬೆವರು ಆರದೆ ಮೈಯ ಶಾಖ ಮಿತಿಮೀರುತ್ತದೆ. ಅಮೆರಿಕದಲ್ಲಿ 1997ರ ನವೆಂಬರ್-ಡಿಸೆಂಬರ್‌ನಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ಪ್ರಾಣ ಕಳೆದುಕೊಂಡರು. 2024ರ ಪ್ಯಾರಿಸ್ ಒಲಿಂಪಿಕ್ಸಿನ 50 ಕೆ.ಜಿ. ವರ್ಗದಲ್ಲಿ ವಿನೇಶ್ ಫೋಗಟ್ ಅವರು ಕೇವಲ 100 ಗ್ರಾಂ ಹೆಚ್ಚಿದ್ದರಿಂದ ಅನರ್ಹರಾದುದನ್ನು ದೇಶವೇ ಕಂಡಿತು. ರಾತ್ರಿಯಿಡೀ ಬೆವರಿಳಿಸಿದ ಮೇಲೆ ಅವರಿಗೆ ನೀರನ್ನು ನರದ ಮೂಲಕ ಕೊಡಬೇಕಾಯಿತು.

ಪಾಲಕರೇ, ಬೆಳೆಯುವ ಮಗನಿಗೆ ಅವನ ಸಹಜ ತೂಕದ ವರ್ಗವೇ ಸಾಕು. ತಾಲೀಮಿನ ಮೊದಲೂ ನಂತರವೂ ತೂಕ ನೋಡಿ. ಕಡಿಮೆಯಾದಷ್ಟು ನೀರನ್ನು, ಉಪ್ಪು ಬೆರೆಸಿದ ಮಜ್ಜಿಗೆಯನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿ. ಮೂತ್ರ ಕಡು ಹಳದಿಯಾದರೆ ನೀರು ಸಾಲದೆಂದು ತಿಳಿಯಿರಿ. ತಲೆಸುತ್ತು, ಸ್ನಾಯುಸೆಳೆತ ಕಂಡರೆ ತಾಲೀಮು ನಿಲ್ಲಿಸಿ ನೆರಳಿಗೆ ಕರೆತನ್ನಿ. ಮಾತು ತೊದಲಿದರೆ ಅಥವಾ ಪ್ರಜ್ಞೆ ಮಂಕಾದರೆ ಮೈಗೆ ತಣ್ಣೀರು ಸುರಿಯುತ್ತಲೇ ಆಸ್ಪತ್ರೆಗೆ ಒಯ್ಯಿರಿ. ಆಗ ಕಷಾಯ ಕಾಯಿಸುತ್ತ ಕೂಡಬೇಡಿ.