ಬಾವಿಯನ್ನು ಮುಳುಗಿಸಿದ ಚೋಕು

ಹಳತಾದ ಅನಿಲಬಾವಿಯ ಚೋಕನ್ನು, ಎಂದರೆ ಹರಿವನ್ನು ನಿಯಂತ್ರಿಸುವ ಕಂಡಿಯನ್ನು, ಕಿರಿದುಮಾಡಿದರೆ ಒತ್ತಡ ಉಳಿಯುವುದೆಂದು ದೃಢವಾಗಿ ನಂಬಿದ್ದ ಮೇಲಧಿಕಾರಿಯೊಬ್ಬರ ಕೈಕೆಳಗೆ, ಗೋದಾವರಿಯ ಮುಖಜಭೂಮಿಯಲ್ಲಿ ದುಡಿದ ನಾನು, ಆ ನಂಬಿಕೆಯ ಫಲವನ್ನು ಈ ಕಸುಬಿಗೆ ಹೊಸದಾಗಿ ಬರುವವರಿಗೆ ತಿಳಿಸದೆ ಇರಲಾರೆ. ಮೇಲುನೋಟಕ್ಕೆ ಅವರ ಮಾತು ಸುಳ್ಳಾಗಲಿಲ್ಲ. ಕಂಡಿ ಕಿರಿದಾದೊಡನೆ ಮೂತಿಯ ಗೇಜು ತುಸು ಏರಿತು, ಅವರೂ ಸಂತುಷ್ಟರಾದರು. ಆದರೆ ನೀರನ್ನೂ, ಅನಿಲದೊಡನೆ ಬರುವ ಹಗುರ ಎಣ್ಣೆಯಾದ ಕಂಡೆನ್ಸೇಟನ್ನೂ ಮೇಲಕ್ಕೆ ಹೊತ್ತು ತರಬೇಕಾದುದು ಅನಿಲದ ವೇಗ. ಅದು ಒಂದು ಮಿತಿಗಿಂತ ಕುಗ್ಗಿತೆಂದರೆ ಹನಿಗಳು ಹಿಂದಕ್ಕೆ ಜಾರಿ ತಳದಲ್ಲಿ ಸಂಚಯವಾಗುತ್ತವೆ. ಆ ಮಿತಿಯನ್ನು ಗಣಿಸುವ ಸೂತ್ರವನ್ನು ಟರ್ನರ್, ಹಬ್ಬಾರ್ಡ್, ಡಕ್ಲರ್ ಎಂಬವರು 1969ರಲ್ಲೇ ಪ್ರಕಟಿಸಿದ್ದರು. ಅದರ ಒಂದು ಪ್ರತಿ ನಮ್ಮ ಕಛೇರಿಯಲ್ಲೂ ಇದ್ದಿತು, ಟೀ ಲೋಟದ ಅಡಿಯಲ್ಲಿ.

ಮಳೆ ಹಿಡಿದ ಒಂದು ರಾತ್ರಿ ಟ್ಯೂಬಿಂಗಿನ, ಎಂದರೆ ಅನಿಲ ಮೇಲೇರುವ ಒಳಕೊಳವೆಯ, ಗೇಜಿನ ಮುಳ್ಳು ಓಲಾಡುತ್ತ ಇಳಿಯತೊಡಗಿತು; ಅದನ್ನು ಸುತ್ತುವರಿದ ಹೊರಕೊಳವೆಯಾದ ಕೇಸಿಂಗಿನ ಗೇಜು ಮಾತ್ರ ಏರುತ್ತಲೇ ಇದ್ದಿತು. ಇವೆರಡರ ನಡುವಣ ತೆರಪನ್ನು ಮುಚ್ಚುವ ಪ್ಯಾಕರ್ ಇಲ್ಲದ ಆ ಬಾವಿಯಲ್ಲಿ ಈ ಅಂತರವೇ ಒಳಗಿನ ಸ್ಥಿತಿಯನ್ನು ಸಾರುತ್ತಿದ್ದಿತು: 10 ಮೀಟರ್ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರ ಹೇರುವುದರಿಂದ, ನನ್ನೆದುರಿಗಿದ್ದ 30ರ ಅಂತರವೆಂದರೆ ಹೆಚ್ಚುಕಡಿಮೆ 300 ಮೀಟರಿನ ನೀರಿನ ಕಂಬವೇ ಅನಿಲದ ತಲೆಯ ಮೇಲೆ ಕುಳಿತಿದ್ದಿತು. ಬಾವಿ ಗೊರಗೊರನೆ ಒಮ್ಮೆ ನೀರುಗುಳುವುದು, ಬಹಳ ಹೊತ್ತು ಸುಮ್ಮನಿರುವುದು, ಮತ್ತೆ ಉಗುಳುವುದು. ಮೇಲಧಿಕಾರಿಗೆ ಫೋನಿನಲ್ಲಿ ವರದಿ ಒಪ್ಪಿಸಿದೆ. “ಇನ್ನೂ ಸ್ವಲ್ಪ ಚೋಕ್ ಮಾಡಿ” ಎಂದರು! ಆಪರೇಟರ್ ನನ್ನ ಮುಖ ನೋಡಿದ, ಆಜ್ಞೆ ಆಜ್ಞೆಯೇ. ಬೆಳಗಿನ ಜಾವಕ್ಕೆ ಹರಿವು ನಿಂತೇಹೋಯಿತು.

ಭಂಡಾರವೇ ಬರಿದಾಯಿತೆಂದು ಅವರು ತೀರ್ಪಿತ್ತರು. ಮುಚ್ಚಿಟ್ಟ ಬಾವಿಯ ಒತ್ತಡ ಮೆಲ್ಲನೆ ಏರಿಬಂದುದನ್ನು ತೋರಿಸಿ, ವಾದಿಸಿ, ಸಾಬೂನಿನ ಕಡ್ಡಿಗಳನ್ನು ಟ್ಯೂಬಿಂಗಿನೊಳಕ್ಕೆ ಇಳಿಬಿಡಲು ಅನುಮತಿ ಪಡೆದೆ. ಕರಗಲು ಕಾಲಾವಕಾಶ ಕೊಟ್ಟು ಚೋಕನ್ನು ಅಗಲಿಸಿದಾಗ, ನೊರೆಗಟ್ಟಿ ಹಗುರವಾದ ನೀರು ಭೋರೆಂದು ಹೊರಬಿದ್ದು, ಅದರ ಬೆನ್ನಲ್ಲೇ ಅನಿಲ ಬಂದಿತು. ವರದಿಯಲ್ಲಿ ಅದಕ್ಕೆ ಕಾರಣವಾಗಿ ನಮೂದಾದುದು ‘ಚೋಕಿನ ಸಮಯೋಚಿತ ನಿಯಂತ್ರಣ’!

ಎರಡು ಗೇಜುಗಳನ್ನೂ ಒಂದೇ ಹೊತ್ತಿನಲ್ಲಿ ಓದಿ ಬರೆದಿಡಿ. ವೇಗವನ್ನು ಲೆಕ್ಕಹಾಕದೆ ಚೋಕಿಗೆ ಕೈಹಾಕಬೇಡಿ. ಕಂಡೆನ್ಸೇಟ್ ಹೆಚ್ಚಿರುವಲ್ಲಿ ಸಾಬೂನು ಸರಿಯಾಗಿ ನೊರೆಗಟ್ಟದು. ಅಲ್ಲಿ ಕಿರಿದಾದ ಟ್ಯೂಬಿಂಗ್ ಇಳಿಸುವುದೋ ದ್ರವವನ್ನು ಮೇಲಕ್ಕೆ ತಳ್ಳುವ ಪ್ಲಂಜರ್ ಹೂಡುವುದೋ ಮೇಲು. ಮಂಜೂರಾತಿಗೆ ಮಾತ್ರ ಮೊದಲೇ ಬರೆದುಕೊಳ್ಳಿ, ಲಿಖಿತವಾಗಿ.