ಫೋಟೋ ನೋಡಿ ಹದ್ದಿನ ಚಿತ್ರ ಬರೆಯುವ ಬಗೆ

ಕುರ್ಲಾದಲ್ಲಿ ಇರುವವರಿಗೆ ಹದ್ದಿನ ಪರಿಚಯ ಮಾಡಿಸಬೇಕಾಗಿಲ್ಲ. ಮೀನು ಮಾರ್ಕೆಟ್ಟಿನ ಮೇಲೆ, ಮೀಠಿ ನದಿಯ ಮೇಲೆ ಅದು ಬೆಳಗಿನಿಂದಲೇ ಸುತ್ತುತ್ತಿರುತ್ತದೆ. ಇಷ್ಟು ಕಂಡ ಹಕ್ಕಿಯ ಚಿತ್ರ ಬರೆಯುವುದೇನು ಮಹಾ ಎಂದು ನಾವೂ ಭಾವಿಸಿದ್ದೆವು. ನಮ್ಮ ಮೊದಲ ಚಿತ್ರವನ್ನು ವಾಚನಾಲಯದಲ್ಲಿ ಇಟ್ಟ ದಿನ ದಕ್ಷಿಣ ಕನ್ನಡದ ಹಿರಿಯರೊಬ್ಬರು ಅದರ ಮುಂದೆ ನಿಂತು ಭಕ್ತಿಯಿಂದ ಕೈಮುಗಿದರು. ಅವರಿಗೆ ಅದು ಗರುಡನಾಗಿ ಕಂಡಿತ್ತು!

ತಪ್ಪು ಅವರದಲ್ಲ. ಹದ್ದಿನ ಮೈಯೆಲ್ಲ ಮಾಸಲು ಕಂದು, ಬಾಲದ ತುದಿ ಕವಲು. ಗರುಡನಿಗಾದರೋ ತಲೆ ಮತ್ತು ಎದೆ ಬಿಳಿ, ಉಳಿದ ಮೈ ಇಟ್ಟಿಗೆಗೆಂಪು, ಬಾಲ ದುಂಡು. ನಾವು ಇಟ್ಟುಕೊಂಡಿದ್ದ ಫೋಟೋದಲ್ಲಿ ಹದ್ದು ಗಾಳಿಯಲ್ಲಿ ತಿರುಗುತ್ತ ಬಾಲವನ್ನು ಪೂರ್ತಿ ಬಿಚ್ಚಿತ್ತು. ಹಾಗೆ ಬಿಚ್ಚಿದಾಗ ಕವಲು ಮಾಯವಾಗುತ್ತದೆ. ಬಿಸಿಲು ಬಿದ್ದು ತಲೆಯೂ ಬೆಳ್ಳಗಾಗಿತ್ತು. ಕಂಡದ್ದನ್ನು ಕಂಡಂತೆ ನಕಲು ಮಾಡಿದೆವು. ಗುಮಾಸ್ತರಿಗೆ ಅಂಟಿದ ಅಭ್ಯಾಸ. ಆದುದರಿಂದ ಒಂದೇ ಫೋಟೋವನ್ನು ನಂಬತಕ್ಕದ್ದಲ್ಲ. ಎರಡು ಮೂರು ಇರಲಿ. 1941ರಲ್ಲಿ ಮೊದಲು ಅಚ್ಚಾದ ಸಲೀಂ ಅಲಿಯವರ ಭಾರತೀಯ ಹಕ್ಕಿಗಳ ಪುಸ್ತಕ ಸಿಕ್ಕರೆ ಅದನ್ನೂ ತೆರೆದು ನೋಡಿ. ಎಲ್ಲಕ್ಕಿಂತ ಮೇಲು, ಭಾನುವಾರ ಕಾಲು ಗಂಟೆ ತಲೆಯೆತ್ತಿ ನಿಲ್ಲುವುದು. ಫೋಟೋ ಬೇರೆಯವರದಾದರೆ ಅವರ ಒಪ್ಪಿಗೆ ಕೇಳಿರಿ.

ಬಣ್ಣ ಐದು ಟ್ಯೂಬು ಸಾಕು: ಬಿಳಿ, ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನ, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ನೀಲಿ. ಕಪ್ಪು ಕೊಳ್ಳಬೇಡಿ. ಅಂಬರ್ ಮತ್ತು ನೀಲಿ ಕೂಡಿದರೆ ಬರುವ ಕಪ್ಪಿನಲ್ಲಿ ಜೀವವಿರುತ್ತದೆ. ಫೋಟೋದಲ್ಲಿ ರೆಕ್ಕೆಯ ಕೆಳಗೆಲ್ಲ ಬರಿಯ ಕಪ್ಪಾಗಿ ತೋರುವುದು ಕ್ಯಾಮೆರಾದ ದೋಷ. ಅಲ್ಲಿ ಕಂದೂ ಇದೆ, ಉದ್ದ ಗರಿಗಳ ಬುಡದಲ್ಲಿ ತಿಳಿಬಣ್ಣದ ಪಟ್ಟೆಯೂ ಇದೆ.

4×6 ಅಂಗುಲದ ಫೋಟೋದ ಮೇಲೆ ಅಂಗುಲಕ್ಕೊಂದು ಗೆರೆ, 8×12ರ ಕ್ಯಾನ್ವಾಸ್ ಬೋರ್ಡಿನ ಮೇಲೆ ಎರಡಂಗುಲಕ್ಕೊಂದು ಗೆರೆ ಎಳೆಯಿರಿ. ಒಂದೊಂದು ಮನೆಯಲ್ಲಿರುವುದನ್ನು ಅದೇ ಮನೆಗೆ ಇಳಿಸಿದರೆ ಆಕಾರ ಕೆಡುವುದಿಲ್ಲ. ಮೊದಲು ಆಕಾಶ, ಆಮೇಲೆ ಹಕ್ಕಿಯ ಗಾಢ ಬಣ್ಣಗಳು, ಅವುಗಳ ಮೇಲೆ ತಿಳಿಯವು. ಗರಿಗಳನ್ನು ಒಂದೊಂದಾಗಿ ಎಣಿಸಿ ಬರೆಯಹೊರಟರೆ ಹಕ್ಕಿ ಚಾಪೆಯಂತಾಗುತ್ತದೆ. ರೆಕ್ಕೆಯ ತುದಿಯಲ್ಲಿ ಬೆರಳಿನಂತೆ ಬಿಡಿಬಿಡಿಯಾದವನ್ನು ಮಾತ್ರ ಬಿಡಿಸಿ, ಉಳಿದದ್ದನ್ನು ಗುಂಪಾಗಿ ಬಿಡಿ. ಕಣ್ಣು ಕಡುಗಂದು. ಹದ್ದಿಗೆ ಸಿಟ್ಟಿನ ಮುಖ ಬರುವುದು ಕಣ್ಣಿನಿಂದಲ್ಲ, ಅದರ ಮೇಲೆ ಚಾಚಿದ ಹುಬ್ಬಿನ ಎಲುಬಿನ ನೆರಳಿನಿಂದ. ಆ ನೆರಳನ್ನು ಸರಿಯಾಗಿ ಹಾಕಿ, ಕಣ್ಣಿನಲ್ಲಿ ಒಂದು ಬಿಳಿಚುಕ್ಕೆ ಇಟ್ಟರೆ ಸಾಕು.

ಆಕ್ರಿಲಿಕ್ ಬಣ್ಣ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ. ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ನಲ್ಲಿಯಲ್ಲಿ ನೀರು ಬಂತೆಂದು ಕೊಡ ಹಿಡಿದು ಓಡಿದ ನಾವು ಮರಳಿ ಬಂದಾಗ ಕುಂಚ ಗೂಟದಂತಾಗಿತ್ತು. ಏಳುವ ಮೊದಲು ಕುಂಚವನ್ನು ತೊಳೆಯಿರಿ. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬೆಣ್ಣೆ ಕಾಗದವಿಟ್ಟು ಅದರಲ್ಲಿ ಬಣ್ಣ ಕಲಸಿದರೆ ಬೇಗ ಒಣಗದು.

ಇದೇ ಗುಣ ನಮ್ಮ ಚಿತ್ರವನ್ನು ಉಳಿಸಿತು. ಒಣಗಿದ ಬಣ್ಣದ ಮೇಲೆ ಹೊಸ ಬಣ್ಣ ನಿಲ್ಲುವುದರಿಂದ ಬೋರ್ಡನ್ನು ಎಸೆಯಬೇಕಾಗಲಿಲ್ಲ. ಬಿಳಿ ತಲೆಗೆ ಅಂಬರನ್ನು ತೆಳ್ಳಗೆ ಸವರಿದೆವು, ಕಣ್ಣಿನ ಹಿಂದೆ ಕಪ್ಪು ಛಾಯೆ ಕೊಟ್ಟೆವು. ಬಾಲವನ್ನು ಅರ್ಧ ಮಡಿಸಿದಂತೆ ಕಿರಿದು ಮಾಡಿ, ತುದಿಯ ನಡುವೆ ಆಕಾಶದ ಬಣ್ಣ ತುಂಬಿ ಕವಲು ತೆಗೆದೆವು. ತೊಡಕು ಬಂದದ್ದು ಆ ಆಕಾಶದಲ್ಲಿಯೇ. ಆಕ್ರಿಲಿಕ್ ಒಣಗುತ್ತ ಒಂದಿಷ್ಟು ಗಾಢವಾಗುತ್ತದೆ. ಹಸಿಯಿದ್ದಾಗ ಸರಿ ಹೊಂದಿದ ನೀಲಿ ಬೆಳಿಗ್ಗೆ ಬೇರೆಯೇ ಆಗಿತ್ತು. ಮೊದಲ ದಿನ ಕಲಸಿದ ಆಕಾಶವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಉಳಿಸಿಕೊಳ್ಳಿ. ಇಲ್ಲವೇ ಚೂರು ಕಾಗದದಲ್ಲಿ ಬಳಿದು, ಒಣಗಿಸಿ, ಹೋಲಿಸಿ ನೋಡಿ. ನಮಗೆ ಮೂರನೆಯ ಸಲಕ್ಕೆ ಕೂಡಿಬಂತು. ಚಿತ್ರ ಈಗ ಪುಸ್ತಕದ ಬೀರುವಿನ ಮೇಲಿದೆ. ಕಿಟಕಿಯ ಕಡೆಯಿಂದ ಓರೆಯಾಗಿ ನೋಡಿದರೆ ಬಾಲದ ಬಳಿ ತೇಪೆ ಇನ್ನೂ ಕಾಣುತ್ತದೆ.